ದಸ್ಕತ್ತು ಯಾರದು?

ನಮ್ಮ ತರಗತಿಯ ಕೆಲವರ ಮೊಬೈಲ್‌ನಲ್ಲಿ ಅಲ್ ಕ್ಯಾಪೋನ್‌ನ ಫೋಟೊ ಇದೆ. ತಲೆಗೆ ಹ್ಯಾಟು, ಬಾಯಲ್ಲಿ ಸಿಗಾರು, ಕೆಳಗೆ 'ಬಾಸ್' ಎಂಬ ಬರಹ. 1920ರ ದಶಕದಲ್ಲಿ ಅಮೆರಿಕದ ಷಿಕಾಗೋದಲ್ಲಿ ಕಳ್ಳ ಮದ್ಯ, ಜೂಜು ನಡೆಸಿದ ಭೂಗತ ದೊರೆ ಅವನು. ಆದರೆ ಅವನು ಕೊನೆಗೆ ಸಿಕ್ಕಿಬಿದ್ದದ್ದು ಲೆಕ್ಕಪತ್ರದಲ್ಲಿ.

ಕ್ಯಾಪೋನ್ ತನ್ನ ಹೆಸರಿನಲ್ಲಿ ಬ್ಯಾಂಕ್ ಖಾತೆ ಇಡಲಿಲ್ಲ, ಆದಾಯ ತೆರಿಗೆಯ ವಿವರ ಸಲ್ಲಿಸಲಿಲ್ಲ. ಬರೆಯುವ ಕೆಲಸವೆಲ್ಲ ಬೇರೆಯವರದು. ಜೂಜುಕಟ್ಟೆಯ ಲೆಕ್ಕ ಬರೆದವನು ಗುಮಾಸ್ತ ಲೆಸ್ಲಿ ಷಮ್‌ವೇ. ಹಣವನ್ನು ಬ್ಯಾಂಕಿಗೆ ಒಯ್ದು ಸುಳ್ಳು ಹೆಸರಿನಲ್ಲಿ ಚೆಕ್ ಮಾಡಿಸಿದವನು ಕ್ಯಾಷಿಯರ್ ಫ್ರೆಡ್ ರೀಸ್. ತೆರಿಗೆ ಅಧಿಕಾರಿಗಳು ಮೊದಲು ಹುಡುಕಿ ಹಿಡಿದದ್ದು ಇವರನ್ನೇ. ಸಾಕ್ಷಿ ಹೇಳುವವರೆಗೆ ಇಬ್ಬರೂ ಊರು ಬಿಟ್ಟು ಅಡಗಿರಬೇಕಾಯಿತು.

ಕ್ಯಾಪೋನ್ ತಾನೇ ಕೊಟ್ಟ ಒಂದು ಕಾಗದವೂ ಅವನಿಗೆ ಮುಳುವಾಯಿತು. ತೆರಿಗೆ ಇಲಾಖೆಯ ಜೊತೆ ರಾಜಿ ಮಾಡಿಸಲೆಂದು ವಕೀಲ ಮ್ಯಾಟಿಂಗ್ಲಿಗೆ ಪವರ್ ಆಫ್ ಅಟಾರ್ನಿ ಕೊಟ್ಟಿದ್ದ. ಕ್ಯಾಪೋನ್‌ಗೆ ಆದಾಯ ಇತ್ತೆಂದು ಒಪ್ಪಿ ಆ ವಕೀಲರು 1930ರಲ್ಲಿ ಬರೆದ ಪತ್ರವೇ ನ್ಯಾಯಾಲಯದಲ್ಲಿ ಅವನ ವಿರುದ್ಧ ಸಾಕ್ಷಿಯಾಯಿತು. 1931ರಲ್ಲಿ 11 ವರ್ಷ ಜೈಲು, 50,000 ಡಾಲರ್ ದಂಡ.

ಇದನ್ನು ಈಗ ಬರೆಯಲು ಕಾರಣವಿದೆ. ಕಳೆದ ತಿಂಗಳು ಪರಿಚಯದವರೊಬ್ಬರು ನನ್ನ ಸ್ಕಾಲರ್‌ಷಿಪ್ ಖಾತೆಯನ್ನು ಕೇಳಿದರು. ಎಟಿಎಂ ಕಾರ್ಡು, ಸಿಮ್ಮು ಅವರ ಕೈಗೆ ಕೊಟ್ಟರೆ ತಿಂಗಳಿಗೆ 2,000 ರೂಪಾಯಿ. ನಿಜ ಹೇಳುತ್ತೇನೆ, ನನಗೆ ಆಸೆಯಾಯಿತು. ಮನೆಯಲ್ಲಿ ಅಮ್ಮಿಗೆ ಹೇಳಿದೆ. ಅಮ್ಮಿ ಓದಿದ್ದು ನಾಲ್ಕನೇ ತರಗತಿ. ಅವರು ಕೇಳಿದ್ದು ಒಂದೇ: "ದಸ್ತಖತ್ ಕಿಸ್ಕಾ?" ದಸ್ಕತ್ತು ಯಾರದು? ನನ್ನದು. ಹಣ ಯಾರದೋ, ಎಲ್ಲಿಂದ ಬಂದದ್ದೋ. ಪೊಲೀಸರು ಬಂದರೆ ಹುಡುಕುವುದು ನನ್ನ ಹೆಸರನ್ನು. ನಾನು ಕಾರ್ಡು ಕೊಡಲಿಲ್ಲ.

ಫೋಟೊ ನೋಡುವಾಗ ನಾವೆಲ್ಲ ಬಾಸ್ ಆಗುವ ಕನಸು ಕಾಣುತ್ತೇವೆ. ನಮ್ಮಂಥವರಿಗೆ ಅಲ್ಲಿ ಸಿಗುವುದು ಷಮ್‌ವೇ, ರೀಸ್ ಮಾಡುತ್ತಿದ್ದ ಕೆಲಸ.

ಗೆಳೆಯರೇ, ಖಾತೆ ಕೇಳಿದವರಿಗೆ ಇಲ್ಲ ಎನ್ನಿ. ಆಗಲೇ ಕೊಟ್ಟಿದ್ದರೆ ಇವತ್ತೇ ಮನೆಯಲ್ಲಿ ಹೇಳಿ, ಬ್ಯಾಂಕಿಗೆ ಹೋಗಿ ಕಾರ್ಡು ನಿಲ್ಲಿಸಿ. ಉಪನ್ಯಾಸಕರಲ್ಲಿ ಒಂದು ವಿನಂತಿ: ನಮಗೆ ಲೆಡ್ಜರ್ ಬರೆಯುವುದನ್ನು ಕಲಿಸುತ್ತೀರಿ. ಯಾವ ಕಾಗದಕ್ಕೆ ದಸ್ಕತ್ತು ಹಾಕಬಾರದು ಎಂಬುದಕ್ಕೂ ಒಂದು ಪೀರಿಯಡ್ ಕೊಡಿ.