ಲೆಕ್ಕದ ಕೆಲಸ ಸಿಗದಿದ್ದರೆ ಕನ್ನಡ ಶಾಲೆಯ ಮೇಲೇಕೆ ಗೂಬೆ?

ಬಿ.ಕಾಂ. ಮುಗಿಸಿದ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ ಈ ಪ್ರಶ್ನೆ ನಿಮಗೆ ಹೊಸದಲ್ಲ: ‘ಅನುಭವ ಎಷ್ಟು ವರ್ಷದ್ದು?’ ಸಾಂಗಲಿ ಮಾರ್ಕೆಟ್ ಯಾರ್ಡಿನ ಅಡತಿ ಅಂಗಡಿಗೆ ಹೋಗಲಿ, ಮಿರಜಿನ ತೆರಿಗೆ ಸಲಹೆಗಾರರ ಕಚೇರಿಗೆ ಹೋಗಲಿ, ಕುಪವಾಡದ ಕಾರ್ಖಾನೆಗೆ ಹೋಗಲಿ, ಮೊದಲ ಮಾತು ಇದೇ. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯ ಹಾಗೆ, ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ.

ಆರು ತಿಂಗಳು ಹೀಗೆ ತಿರುಗಿದ ಮೇಲೆ ಮನೆಯಲ್ಲಿ ಇನ್ನೊಂದು ಮಾತು ಏಳುತ್ತದೆ: ‘ಕನ್ನಡ ಶಾಲೆಗೆ ಹಾಕಿದ್ದೇ ತಪ್ಪಾಯಿತು.’ ಮರು ಜೂನ್‌ನಲ್ಲಿ ತಮ್ಮನದೋ ತಂಗಿಯದೋ ದಾಖಲೆ ಕನ್ನಡ ಶಾಲೆಯಿಂದ ಹೊರಬೀಳುತ್ತದೆ. ಹಾಜರಿ ಪಟ್ಟಿಯಲ್ಲಿ ಮೊದಲೇ ಹೆಸರು ಕಡಿಮೆ ಇರುವ ಗಡಿ ಶಾಲೆಗೆ ಒಂದೊಂದು ಹೆಸರೂ ಮುಖ್ಯ. ಆದ್ದರಿಂದ ತಪ್ಪು ನಿಜವಾಗಿ ಎಲ್ಲಿದೆ ಎಂದು ನೋಡುವುದು ಈ ಪುಟದ ಓದುಗರಾದ ನಿಮಗೂ ನನಗೂ ಸೇರಿದ ಕೆಲಸ.

ಮಹಾರಾಷ್ಟ್ರದಲ್ಲಿ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳು ಹತ್ತನೆಯ ತರಗತಿಯವರೆಗೆ ಬಾಲಭಾರತಿಯಿಂದ ಬರುತ್ತವೆ. ಬಡ್ಡಿ, ಲಾಭ-ನಷ್ಟ, ಶೇಕಡಾವಾರು ಎಲ್ಲವನ್ನೂ ಮಗು ಕನ್ನಡದಲ್ಲಿ ಚೆನ್ನಾಗಿಯೇ ಕಲಿತಿರುತ್ತದೆ. ಹನ್ನೊಂದಕ್ಕೆ ವಾಣಿಜ್ಯ ವಿಭಾಗ ಸೇರಿದ ಹೆಚ್ಚಿನ ಮಕ್ಕಳಿಗೆ ಪುಸ್ತಕ ಮರಾಠಿಯದು ಅಥವಾ ಇಂಗ್ಲಿಷಿನದು. ಪದವಿಯ ನಂತರ ಕೂರುವ ಕಂಪ್ಯೂಟರಿನಲ್ಲಿ ಎಲ್ಲವೂ ಇಂಗ್ಲಿಷ್. ಹೀಗೆ ಒಂದೇ ಲೆಕ್ಕಕ್ಕೆ ಮೂರು ಹೆಸರು ಎದುರಾಗುತ್ತವೆ. ಮೂರನ್ನೂ ಒಂದೇ ಹಲಗೆಯ ಮೇಲೆ ಬರೆದು ತೋರಿಸುವವರು ಮಾತ್ರ ಯಾರೂ ಇಲ್ಲ.

ಒಂದು ಉದಾಹರಣೆ ನೋಡಿ. ಕರ್ನಾಟಕದ ವಾಣಿಜ್ಯ ಪುಸ್ತಕಗಳಲ್ಲಿ ‘ತಾಳೆಪಟ್ಟಿ’ ಎಂದರೆ ಟ್ರಯಲ್ ಬ್ಯಾಲೆನ್ಸ್. ಮರಾಠಿಯಲ್ಲಿ ಅದಕ್ಕೆ ‘ತೇರೀಜ್’ ಎನ್ನುತ್ತಾರೆ. ಮರಾಠಿಯ ‘ತಾಳೆಬಂದ’ ಕಿವಿಗೆ ನಮ್ಮ ತಾಳೆಪಟ್ಟಿಯ ಹಾಗೆಯೇ ಕೇಳುತ್ತದೆ, ಆದರೆ ಅದರ ಅರ್ಥ ಬ್ಯಾಲೆನ್ಸ್ ಶೀಟ್, ಅಂದರೆ ನಮ್ಮ ಆಢಾವೆ ಪತ್ರಿಕೆ. ಸಂದರ್ಶನದಲ್ಲಿ ಮಾಲೀಕರು ತಾಳೆಬಂದದ ಬಗ್ಗೆ ಕೇಳಿದಾಗ ಹುಡುಗಿ ಟ್ರಯಲ್ ಬ್ಯಾಲೆನ್ಸ್ ವಿವರಿಸತೊಡಗಿದರೆ, ಅವಳಿಗೆ ಲೆಕ್ಕವೇ ಬರುವುದಿಲ್ಲ ಎಂದು ಅವರು ತೀರ್ಮಾನಿಸುತ್ತಾರೆ. ಅವಳಿಗೆ ಲೆಕ್ಕ ಗೊತ್ತಿದೆ, ಅದರ ಆ ಊರಿನ ಹೆಸರು ಗೊತ್ತಿಲ್ಲ. ರೋಜಕೀರ್ದ್, ಖತಾವಣಿ ಮೊದಲಾದ ಮೂವತ್ತು ನಲವತ್ತು ಶಬ್ದಗಳನ್ನು ಮೂರು ಭಾಷೆಯಲ್ಲಿ ಕಲಿಸಲು ಒಂದು ತಿಂಗಳು ಸಾಕು. ಒಂಬತ್ತು ಮತ್ತು ಹತ್ತನೆಯ ತರಗತಿಯ ಗಣಿತ ಶಿಕ್ಷಕರೇ ಇದನ್ನು ಮಾಡಬಲ್ಲರು, ಸರ್ಕಾರದ ಆದೇಶಕ್ಕೆ ಕಾಯಬೇಕಾಗಿಲ್ಲ.

ಇನ್ನು ಸರ್ಕಾರಗಳು ಏನು ಕೊಡುತ್ತಿವೆ ನೋಡೋಣ. ಕರ್ನಾಟಕದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಆದರೆ ಅದು ಕರ್ನಾಟಕದ ನಿವಾಸಿಗಳಿಗೆ. ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಮಕ್ಕಳಿಗೆ ಅನ್ವಯಿಸುವುದು 2024ರಲ್ಲಿ ಇಲ್ಲಿ ಆರಂಭವಾದ ಮುಖ್ಯಮಂತ್ರಿ ಯುವ ಕಾರ್ಯ ಪ್ರಶಿಕ್ಷಣ ಯೋಜನೆ. 18ರಿಂದ 35 ವರ್ಷದ ಪದವೀಧರರಿಗೆ ತಿಂಗಳಿಗೆ 10,000 ರೂಪಾಯಿ ವಿದ್ಯಾವೇತನ. ಮೊದಲು ಆರು ತಿಂಗಳಿದ್ದ ಅವಧಿಯನ್ನು ಬಳಿಕ ಹನ್ನೊಂದಕ್ಕೆ ಏರಿಸಲಾಯಿತು. ಅಪ್ರೆಂಟಿಸ್ ಕಾಯ್ದೆ 1961ರದ್ದಾದರೂ, 2014ರ ತಿದ್ದುಪಡಿಯ ನಂತರ ಎಂಜಿನಿಯರಿಂಗ್ ಅಲ್ಲದ ಪದವೀಧರರಿಗೂ, ಅಂದರೆ ಬಿ.ಕಾಂ. ಆದವರಿಗೂ, ಅದರ ಬಾಗಿಲು ತೆರೆದಿದೆ.

ತಮಿಳುನಾಡಿನ ದಾರಿ ಬೇರೆ. 2010ರ ಕಾನೂನಿನಂತೆ ಅಲ್ಲಿ ತಮಿಳು ಮಾಧ್ಯಮದಲ್ಲಿ ಓದಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇ. 20 ಮೀಸಲಾತಿ ಇದೆ. ಕನ್ನಡ, ತಮಿಳು ಎರಡೂ ಕಡೆಯ ಶಾಲೆಗಳನ್ನು ಒಳಗಿನಿಂದ ಕಂಡವನಾಗಿ ಹೇಳುತ್ತೇನೆ, ಅಂಥ ಕಾನೂನು ಪಾಲಕರಿಗೆ ಧೈರ್ಯ ಕೊಡುತ್ತದೆ. ಆದರೆ ಲೆಕ್ಕ ಬರೆಯುವ ಕೆಲಸಗಳಲ್ಲಿ ಹೆಚ್ಚಿನವು ಇರುವುದು ಖಾಸಗಿ ಅಂಗಡಿ, ಕಚೇರಿಗಳಲ್ಲಿ. ಅಲ್ಲಿ ಮೀಸಲಾತಿಯ ಮಾತು ನಡೆಯುವುದಿಲ್ಲ. ವಿದ್ಯಾವೇತನದ ಕಥೆಯೂ ಅಷ್ಟೇ. ಹನ್ನೊಂದು ತಿಂಗಳು ಕಚೇರಿಯಲ್ಲಿ ಕೂತು ಝೆರಾಕ್ಸ್ ತೆಗೆದು, ಫೈಲು ಹೊತ್ತು ಬಂದ ಹುಡುಗನ ಕೈಯಲ್ಲಿ ಪ್ರಮಾಣಪತ್ರ ಇರುತ್ತದೆ, ಅನುಭವ ಇರುವುದಿಲ್ಲ. ಸೇರುವ ದಿನವೇ ನೀವು ಕೇಳಬೇಕಾದ ಪ್ರಶ್ನೆ: ‘ನನ್ನಿಂದ ವೋಚರ್ ಬರೆಸುತ್ತೀರಾ? ಬ್ಯಾಂಕಿನ ಲೆಕ್ಕ ತಾಳೆ ನೋಡಲು ಕೊಡುತ್ತೀರಾ?’

ಹಾಗಾದರೆ ಮಾಲೀಕರು ಅನುಭವ ಎನ್ನುವುದು ಏನನ್ನು? ನಮ್ಮ ಸುತ್ತಲಿನ ವ್ಯಾಪಾರವನ್ನೇ ನೋಡಿ. ಕೃಷ್ಣೆಯ ದಂಡೆಯ ಕಸಬೆ ಡಿಗ್ರಜದಲ್ಲಿ ಅರಿಶಿನದ ಸಂಶೋಧನೆ ನಡೆಯುತ್ತದೆ. ಕೆಲವೇ ಮೈಲಿ ಆಚೆ ಅರಿಶಿನದ ದೊಡ್ಡ ಪೇಟೆ ಸಾಂಗಲಿ. 2018ರಲ್ಲಿ ಸಾಂಗಲಿ ಅರಿಶಿನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಹಸಿ ಅರಿಶಿನಕ್ಕೆ ಜಿಎಸ್‌ಟಿ ಇಲ್ಲ, ಒಣಗಿಸಿದ್ದಕ್ಕೆ ಶೇ. 5. ಸಾಂಗಲಿಯ ವ್ಯಾಪಾರಿ ಒಂದು ಲಕ್ಷ ರೂಪಾಯಿಯ ಒಣ ಅರಿಶಿನವನ್ನು ಮಿರಜಿನ ಅಂಗಡಿಗೆ ಮಾರಿದರೆ ಕೇಂದ್ರದ ಪಾಲು 2,500, ರಾಜ್ಯದ ಪಾಲು 2,500 ಎಂದು ಬಿಲ್ಲಿನಲ್ಲಿ ಬರೆಯಬೇಕು. ಅದೇ ಮಾಲು ಅಥಣಿಗೆ ಹೋದರೆ 5,000 ರೂಪಾಯಿ ಐಜಿಎಸ್‌ಟಿ, ಜೊತೆಗೆ ಇ-ವೇ ಬಿಲ್. ಗಿರಾಕಿಯ ಜಿಎಸ್‌ಟಿ ಸಂಖ್ಯೆ 27ರಿಂದ ಶುರುವಾದರೆ ಮಹಾರಾಷ್ಟ್ರದ ನೋಂದಣಿ, 29ರಿಂದ ಶುರುವಾದರೆ ಕರ್ನಾಟಕದ್ದು. ಹೊಸಬ ಇಲ್ಲಿ ತಪ್ಪಿದರೆ ಮಾಲೀಕನಿಗೆ ಗಿರಾಕಿಯ ಬೈಗುಳ, ಇಲಾಖೆಯ ನೋಟಿಸು. ಅವರು ಅನುಭವ ಕೇಳುವುದು ಈ ಭಯಕ್ಕೆ.

ಗಡಿಯ ಕನ್ನಡ ಮಗುವಿಗೆ ಅನುಕೂಲ ಇರುವುದೂ ಇಲ್ಲಿಯೇ. ಅಥಣಿ, ವಿಜಯಪುರದ ಗಿರಾಕಿಗೆ ಫೋನ್ ಮಾಡಿ, ಬಾಕಿ ಎಷ್ಟು, ಬಿಲ್ ಏಕೆ ತಾಳೆಯಾಗಿಲ್ಲ ಎಂದು ಕನ್ನಡದಲ್ಲಿ ಕೇಳಿ, ಉತ್ತರವನ್ನು ಮರಾಠಿಯಲ್ಲಿ ಮಾಲೀಕನಿಗೆ ಹೇಳಬಲ್ಲವರು ಅಂಗಡಿಗೆ ಬೇಕು. ನಮ್ಮ ಮಕ್ಕಳು ಅರ್ಜಿಯಲ್ಲಿ ಕನ್ನಡವನ್ನು ಕಡೆಯ ಸಾಲಿನಲ್ಲಿ ಸಂಕೋಚದಿಂದ ಬರೆಯುತ್ತಾರೆ. ಅದು ಮೊದಲ ಸಾಲಿಗೆ ಬರಲಿ.

ಕೆಲಸ ಹುಡುಕುವವರಿಗೆ ನಾಲ್ಕು ಮಾತು. ಒಂದು, ಊರಿನ ಒಂದು ಕಿರಾಣಿ ಅಂಗಡಿಯ ಒಂದು ವರ್ಷದ ಲೆಕ್ಕವನ್ನು, ಮಾಲೀಕರ ಒಪ್ಪಿಗೆ ಪಡೆದು, ಟ್ಯಾಲಿಯಲ್ಲಿ ಪೂರ್ತಿ ಬರೆಯಿರಿ. ಖರೀದಿ, ಮಾರಾಟ, ಬ್ಯಾಂಕ್ ಹೊಂದಾಣಿಕೆ, ಕೊನೆಗೆ ಆಢಾವೆ ಪತ್ರಿಕೆ. ಅದನ್ನು ಮುದ್ರಿಸಿ, ಮೇಲೆ ‘ಅಭ್ಯಾಸಕ್ಕಾಗಿ ಬರೆದದ್ದು’ ಎಂದು ನಮೂದಿಸಿ ಸಂದರ್ಶನಕ್ಕೆ ಒಯ್ಯಿರಿ. ಎರಡು, ದಿನ ನೋಡಿ ಹೋಗಿ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಸಲ್ಲಿಸುವ ಗಡುವು. 19ರಂದು ತೆರಿಗೆ ಕಚೇರಿಯ ಬಾಗಿಲು ತಟ್ಟಿದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. 22ರ ನಂತರ ಹೋದರೆ ಮಾತಾಡಲು ಸಮಯ ಸಿಗುತ್ತದೆ. ಮೂರು, ದೊಡ್ಡ ಕಂಪನಿಗಿಂತ ಮೊದಲು ಪತಸಂಸ್ಥೆ ಮತ್ತು ವಿಕಾಸ ಸೊಸೈಟಿಗಳಲ್ಲಿ ವಿಚಾರಿಸಿ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಹಳೆಯ ಖಾತೆ ಪುಸ್ತಕವನ್ನೂ ಓದಿ ಕಂಪ್ಯೂಟರನ್ನೂ ನಡೆಸುವವರು ಅಲ್ಲಿ ಬೇಕು. ನಾಲ್ಕು, ದುಡ್ಡು ಕೊಟ್ಟು ಸುಳ್ಳು ಅನುಭವ ಪತ್ರ ಕೊಳ್ಳಬೇಡಿ. ಲೆಕ್ಕದ ಕೆಲಸ ನಿಂತಿರುವುದೇ ನಂಬಿಕೆಯ ಮೇಲೆ, ಮತ್ತು ಸುಳ್ಳು ಪತ್ರ ಮೊದಲ ವಾರದಲ್ಲೇ ಬಯಲಾಗುತ್ತದೆ.

ಶಾಲೆಗಳಿಗೂ ಒಂದು ಮಾತು. ನಿಮ್ಮಲ್ಲಿ ಓದಿದವರು ಇಂದು ಸಾಂಗಲಿ, ಮಿರಜ, ಜತ್ತದಲ್ಲಿ ಅಂಗಡಿ, ಕಚೇರಿ ನಡೆಸುತ್ತಿದ್ದಾರೆ. ವಾರ್ಷಿಕೋತ್ಸವಕ್ಕೆ ಅವರನ್ನು ಕರೆದು ಶಾಲು ಹೊದಿಸುತ್ತೀರಿ, ಬಣ್ಣಕ್ಕೋ ಬೆಂಚಿಗೋ ದೇಣಿಗೆ ಕೇಳುತ್ತೀರಿ. ಈ ವರ್ಷ ಬೇರೆಯದನ್ನು ಕೇಳಿ: ನಮ್ಮ ಶಾಲೆಯಲ್ಲಿ ಕಲಿತು ಬಿ.ಕಾಂ. ಮುಗಿಸಿದ ಒಬ್ಬರನ್ನು ಮೂರು ತಿಂಗಳು, ಸಂಬಳ ಕೊಟ್ಟು, ನಿಜವಾದ ಲೆಕ್ಕ ಬರೆಯಲು ಕೂರಿಸಿಕೊಳ್ಳಿ ಎಂದು. ಹತ್ತು ಜನ ಒಪ್ಪಿದರೆ ಹತ್ತು ಮನೆಗಳಲ್ಲಿ ‘ಕನ್ನಡ ಶಾಲೆಗೆ ಹಾಕಿದ್ದೇ ತಪ್ಪು’ ಎಂಬ ಮಾತು ನಿಲ್ಲುತ್ತದೆ. ಬರುವ ಜೂನ್‌ನಲ್ಲಿ ಆ ಮನೆಗಳ ಚಿಕ್ಕ ಮಕ್ಕಳ ಹೆಸರು ನಮ್ಮ ಹಾಜರಿ ಪಟ್ಟಿಯಲ್ಲೇ ಉಳಿಯುತ್ತದೆ.