ಇಪ್ಪತ್ತೊಂಬತ್ತು ಅಂಕಗಳು ಅತಿಶಯೋಕ್ತಿಯಲ್ಲ

ಹಾಸನದಿಂದ ಶಾಂತಿಗ್ರಾಮ, ಚನ್ನರಾಯಪಟ್ಟಣಗಳ ಮಾರ್ಗವಾಗಿ ಶ್ರವಣಬೆಳಗೊಳಕ್ಕೆ ಹೋಗುವವರಿಗೆ ಗೊಮ್ಮಟನ ಎತ್ತರ 58 ಅಡಿ ಎಂಬುದು ಕಂಠಪಾಠ. ಆ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಗುರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಯು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಹೇಳಿದ ಪರ್ಯಾಪ್ತ ಮನುಷ್ಯರ ಸಂಖ್ಯೆಯಾದರೋ ಯಾರ ನೆನಪಿನಲ್ಲೂ ಇಲ್ಲ: 79228162514264337593543950336. ಸಾಹಿತ್ಯದ ಅಭ್ಯಾಸಿಗಳು ಇಂಥದನ್ನು ಕಂಡರೆ ‘ಪೌರಾಣಿಕ ಅತಿಶಯೋಕ್ತಿ’ ಎಂದು ಷರಾ ಬರೆದು ಪುಟ ತಿರುಗಿಸುವುದುಂಟು. ಅತಿಶಯೋಕ್ತಿಯಲ್ಲಿ ಕೋಟಿಯ ಬದಲು ಹತ್ತು ಕೋಟಿ ಎಂದರೂ ಅರ್ಥ ಕೆಡದು. ಇಲ್ಲಿ ಒಂದಂಕ ಬದಲಾದರೂ ಗಾಹೆ ಸುಳ್ಳಾಗುತ್ತದೆ.

ಎರಡನ್ನು ವರ್ಗಿಸಿದರೆ 4. ಮತ್ತೆ ಮತ್ತೆ ವರ್ಗಿಸಿದರೆ 16, 256, 65536. ಐದನೆಯ ವರ್ಗ 4294967296, ಇದರ ಹೆಸರು ಬಾದಾಲ. (ಪ್ರಾಕೃತದಲ್ಲಿ ಬಾದಾಲ ಎಂದರೆ 42, ಮೊದಲ ಎರಡು ಅಂಕಗಳೇ ಹೆಸರಾಗಿವೆ.) ಆರನೆಯದು 18446744073709551616. ಈ ಎರಡರ ಗುಣಲಬ್ಧವೇ ಮೇಲಿನ ಸಂಖ್ಯೆ. ಅದು ಬಾದಾಲದ ಘನವೂ ಹೌದು. ತೊಂಬತ್ತಾರು ಬಾರಿ ಅರ್ಧಿಸಿದರೆ ಒಂದು ಉಳಿಯುತ್ತದೆ. ವೀರಸೇನರ ‘ಧವಲಾ’ ಟೀಕೆ ಇಂಥ ಎಣಿಕೆಯನ್ನು ಅರ್ಧಚ್ಛೇದ ಎನ್ನುತ್ತದೆ: ಗುಣಿಸಿದಾಗ ಅರ್ಧಚ್ಛೇದಗಳು ಕೂಡುತ್ತವೆ, 32ಕ್ಕೆ 64 ಸೇರಿ 96. ಇದರಲ್ಲಿ ಗಣಕಯಂತ್ರವನ್ನೇ ಕಾಣುವ ಉತ್ಸಾಹಿಗಳೂ ಗ್ರಂಥವನ್ನು ಓದಿದವರಲ್ಲ. ಲೋಕದಲ್ಲಿ ಅಷ್ಟು ಮನುಷ್ಯರಿರುವರೇ ಎಂಬುದು ಆಗಮಶ್ರದ್ಧೆಯ ಪ್ರಶ್ನೆ. ಅಂಕಗಳು ಸರಿಯೇ ಎಂಬುದು ಗುಣಾಕಾರದ ಪ್ರಶ್ನೆ. ಮೊದಲನೆಯದನ್ನು ಒಪ್ಪದವನಿಗೂ ಎರಡನೆಯದರಿಂದ ವಿನಾಯಿತಿಯಿಲ್ಲ.

ಸಾಹಿತ್ಯದವರು ಇದು ತಮ್ಮ ಕ್ಷೇತ್ರವಲ್ಲವೆನ್ನಬಹುದು. ಆದರೆ ನೇಮಿಚಂದ್ರನು ಈ ಇಪ್ಪತ್ತೊಂಬತ್ತು ಅಂಕಗಳನ್ನು ಕಟಪಯಾದಿ ಕ್ರಮದಿಂದ ಅಕ್ಷರಗಳಲ್ಲಿ ಹುದುಗಿಸಿ, ಬಲದಿಂದ ಎಡಕ್ಕೆ ಸಾಗುವಂತೆ ಗಾಹೆ ಕಟ್ಟಿದ್ದಾನೆ. ಮೊದಲ ಅಕ್ಷರ ‘ತ’, ಅಂದರೆ 6. ಕೊನೆಯದು ‘ಸ’, ಅಂದರೆ 7. ಆರನೆಯದು ‘ಧು’, ಬೆಲೆ 9. ಲಿಪಿಕಾರನು ಮಹಾಪ್ರಾಣವನ್ನು ಬಿಟ್ಟು ‘ದು’ ಎಂದು ಬರೆದರೆ 9 ಹೋಗಿ 8 ಆಗುತ್ತದೆ, ಒಂದು ಲಕ್ಷ ಕಳೆಯುತ್ತದೆ. ಓಲೆಗರಿಗಳನ್ನು ಓದಿದವರಿಗೆ ಇಂಥ ಸ್ಖಾಲಿತ್ಯ ಹೊಸದಲ್ಲ. ಛಂದಸ್ಸು ಈ ತಪ್ಪನ್ನು ಹಿಡಿಯದು, ಏಕೆಂದರೆ ಮಾತ್ರೆ ಬದಲಾಗಿಲ್ಲ. ಗಣಿತ ಹಿಡಿಯುತ್ತದೆ: ಶುದ್ಧಪಾಠದ ಅಂಕಗಳ ಮೊತ್ತ 127, ಒಂಬತ್ತರಿಂದ ಭಾಗಿಸಿದರೆ ಶೇಷ 1, ಅಶುದ್ಧಪಾಠದಲ್ಲಿ ಮೊತ್ತ 126, ಶೇಷ ಸೊನ್ನೆ. ಪಾಠಾಂತರಗಳಲ್ಲಿ ಯಾವುದು ಗ್ರಾಹ್ಯವೆಂದು ಇಷ್ಟು ನಿಸ್ಸಂದೇಹವಾಗಿ ತೀರ್ಮಾನಿಸುವ ಅವಕಾಶ ಗ್ರಂಥಸಂಪಾದಕನಿಗೆ ಬೇರೆಲ್ಲಿ ದೊರೆತೀತು?

ಈ ಗ್ರಂಥಕ್ಕೆ ಕೇಶವವರ್ಣಿಯು 1359ರಲ್ಲಿ ಕನ್ನಡ ವೃತ್ತಿಯನ್ನು ರಚಿಸಿದನು. ಸಂಸ್ಕೃತದ ‘ಜೀವತತ್ತ್ವಪ್ರದೀಪಿಕೆ’ ಅದನ್ನೇ ಆಧರಿಸಿದೆಯೆಂದು ಆ. ನೇ. ಉಪಾಧ್ಯೆ ತೋರಿಸಿಕೊಟ್ಟಿದ್ದಾರೆ. ಅದನ್ನು ಕನ್ನಡ ವಿಭಾಗಗಳು ಶಾಸ್ತ್ರವೆಂದು ದೂರವಿಟ್ಟು, ಗಣಿತ ವಿಭಾಗಗಳು ಹಳಗನ್ನಡವೆಂದು ಬಿಟ್ಟರೆ, ಸಂಸ್ಕೃತ ಮತ್ತು ಹಿಂದಿಗಳಿಗೆ ದಾರಿ ತೋರಿದ ಕನ್ನಡ ಗದ್ಯಕ್ಕೆ ಕನ್ನಡದಲ್ಲೇ ಓದುಗರಿಲ್ಲದಂತಾಗುತ್ತದೆ.