ಮಣೆ ಉಳಿದರೆ ಆಟ ಉಳಿದಂತಲ್ಲ

ನಮ್ಮ ಅಂಗಡಿಯ ಜಗಲಿಯಲ್ಲಿ ಒಂದರೊಳಗೊಂದು ಮೂರು ಚೌಕ ಗೀರಿದ ಗುರುತು ಇನ್ನೂ ಇದೆ. ನವಕಂಕರಿ, ಸಾಲುಮನೆ ಎಂದೆಲ್ಲ ಕರೆಯುವ ಆಟದ ಮಣೆ ಅದು. ಮೂರು ಕಾಯಿ ಸಾಲಾದರೆ ಎದುರಾಳಿಯ ಒಂದು ಕಾಯಿ ತೆಗೆಯಬಹುದು. ಸಾಲಾಗಿ ನಿಂತ ಕಾಯಿಯನ್ನೂ ತೆಗೆಯಬಹುದೇ ಎಂದು ಉಪ್ಪನನ್ನು ಕೇಳಿದೆ. ತಕ್ಷಣ ಉತ್ತರ ಬರಲಿಲ್ಲ. ಅವರ ಜೊತೆ ಆಡುತ್ತಿದ್ದವರು ಈಗಿಲ್ಲ.

ಇದೇ ಬಗೆಯ ಆಟ ಚೀನಾದಲ್ಲೂ ಇದೆ. ಹೆಸರು ಸಾನ್‌ಚಿ, ಅಂದರೆ ಮೂರರ ಆಟ. ಮಣೆಯಲ್ಲಿ 24 ಮನೆ, ಒಬ್ಬೊಬ್ಬರಿಗೆ 12 ಕಾಯಿ. ಕಾಯಿ ಇಡುವಾಗ ಯಾರೂ ಹೊಡೆಯದಿದ್ದರೆ ಮಣೆ ತುಂಬಿಹೋಗುತ್ತದೆ, ಸರಿಸಲು ಜಾಗವೇ ಇರುವುದಿಲ್ಲ. ಹೊಡೆದ ಕಾಯಿಯನ್ನು ಆಗಲೇ ತೆಗೆದರೆ ಆ ಮನೆಗೆ ಮತ್ತೊಂದು ಕಾಯಿ ಬರಬಹುದು. ಕೆಲವೆಡೆ ಆಗ ತೆಗೆಯುವುದಿಲ್ಲ, ಗುರುತು ಮಾಡಿಟ್ಟು ಎಲ್ಲ ಕಾಯಿ ಇಟ್ಟಾದ ಮೇಲೆ ಒಟ್ಟಿಗೆ ತೆಗೆಯುತ್ತಾರೆ. ಮಣೆ ಒಂದೇ, ಕಾಯಿ ಅಷ್ಟೇ, ಆದರೆ ಆಟ ಎರಡು. ಆಡುವವರೇ ಇಲ್ಲದಿದ್ದರೆ ಈ ವ್ಯತ್ಯಾಸವನ್ನು ಮಣೆ ಹೇಳುತ್ತದೆಯೇ?

ಹೇಳುವುದಿಲ್ಲ. ಅದಕ್ಕೆ ಸಾಕ್ಷಿ ಲಿಯುಬೊ. ಅದು ಸಾಲು ಕಟ್ಟುವ ಆಟವಲ್ಲ, ಆದರೆ ಹಾನ್ ಕಾಲದ ಚೀನಾದಲ್ಲಿ ಮನೆಮಾತಾಗಿತ್ತು. ಕ್ರಿ.ಪೂ. 168ರ ಮಾವಾಂಗ್‌ದುಯಿ ಸಮಾಧಿಯಲ್ಲಿ ಮಣೆ, ಕಾಯಿ, 18 ಮುಖದ ದಾಳ ಎಲ್ಲ 1973ರಲ್ಲಿ ಸಿಕ್ಕವು. ಪೂರ್ಣ ನಿಯಮ ಮಾತ್ರ ಕಳೆದುಹೋಗಿತ್ತು. ಈಗ ಆಡುವುದು ವಿದ್ವಾಂಸರು ಊಹಿಸಿ ಕಟ್ಟಿದ ಆಟ.

ಊಹಿಸುವುದು ತಪ್ಪಲ್ಲ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಸವೆದ ಶಾಫ್ಟ್ ತಂದು ಹೊಸದು ಮಾಡಿಕೊಡಿ ಎಂದರೆ, ಸವೆಯದ ಕಡೆ ಅಳೆಯುತ್ತೇವೆ, ಸವೆದ ಕಡೆ ಅದು ಕೂರುವ ಬೇರಿಂಗ್ ನೋಡಿ ಅಂದಾಜು ಮಾಡುತ್ತೇವೆ. ಆದರೆ ಅಳೆದದ್ದು ಯಾವುದು, ಅಂದಾಜು ಯಾವುದು ಎಂದು ಡ್ರಾಯಿಂಗ್‌ನಲ್ಲಿ ಬರೆಯಲೇಬೇಕು. ಹಳೆಯ ಆಟಕ್ಕೂ ಅದೇ ನ್ಯಾಯ. ಚೆನ್ನಾಗಿ ಆಡಲು ಬರುತ್ತದೆ ಎಂದ ಮಾತ್ರಕ್ಕೆ ಅದು ಹಿಂದಿನವರ ನಿಯಮವಾಗುವುದಿಲ್ಲ. ಅಂದಾಜನ್ನು 'ಪ್ರಾಚೀನ ನಿಯಮ' ಎಂದು ಮುದ್ರಿಸಿದರೆ, ಮುಂದಿನವರು ನಿಜವನ್ನು ಹುಡುಕುವುದನ್ನೇ ಬಿಡುತ್ತಾರೆ.

ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆದಿಡುವುದಿಲ್ಲ. ನಮ್ಮ ಮನೆಗಳಲ್ಲೂ ಈಗ ಆಗುತ್ತಿರುವುದು ಇದೇ.

ಕಳೆದ ಭಾನುವಾರ ಜಗಲಿಯಲ್ಲಿ ಉಪ್ಪನ ಎದುರು ಹುಣಸೆಬೀಜ ಹಿಡಿದು ಕುಳಿತೆ. ಸಾಲಾಗಿ ನಿಂತಿದ್ದ ಅವರ ಕಾಯಿಗೆ ಕೈಹಾಕಿದ್ದೇ ತಡ, ನನ್ನ ಕೈ ತಡೆದರು. "ಅದನ್ನು ಮುಟ್ಟುವ ಹಾಗಿಲ್ಲ!" ಕೇಳಿದಾಗ ಬಾರದ ನೆನಪು ಆಡುವಾಗ ಬಂತು. ಅಂದೇ ಬರೆದಿಟ್ಟೆ, ಹೇಳಿದವರ ಹೆಸರು ಮತ್ತು ತಾರೀಕಿನ ಸಮೇತ. ನೀವೂ ನಿಮ್ಮ ಹಿರಿಯರನ್ನು ಕೇಳುತ್ತಾ ಕೂರಬೇಡಿ, ಅವರ ಜೊತೆ ಆಡಿ.